ತೊಟ್ಟಿಲಿಗಿಂತ ಮೊದಲು ತಾಯಿಯ ಖರ್ಚು

ಕೈ ಬಿಗಿ ಇರುವ ಮನೆಯಲ್ಲಿ ಹೆಂಗಸು ಬಸುರಿಯಾದಳೆಂದರೆ ಸಂತೋಷದ ಬೆನ್ನಲ್ಲೇ ಖರ್ಚಿನ ಲೆಕ್ಕ ಶುರುವಾಗುತ್ತದೆ. ಮಗುವಿಗೆ ಏನೇನು ಬೇಕೆಂದು ಅಂಗಡಿಯಲ್ಲಿ ಕೇಳಿದರೆ ಡೈಪರ್ ಕಟ್ಟು, ಸೋಪು-ಪೌಡರಿನ ಗಿಫ್ಟ್ ಬಾಕ್ಸ್, ಸೊಳ್ಳೆಪರದೆಯ ಹಾಸಿಗೆ, ಫೀಡಿಂಗ್ ಬಾಟಲಿ, ವಾಕರ್ ಎಲ್ಲವೂ ಕೌಂಟರಿನ ಮೇಲೆ ಬಂದು ಕೂರುತ್ತವೆ. ತಾಯಿಗೆಂದು ಒಂದು ಸಾಮಾನೂ ಅದರಲ್ಲಿರುವುದಿಲ್ಲ. ಕಡಿಮೆ ದುಡ್ಡಿನವರ ಲೆಕ್ಕ ಎಡವುವುದು ಇಲ್ಲೇ.

ಮೊದಲ ಆರು ತಿಂಗಳು ಕೂಸಿಗೆ ಬೇಕಾದದ್ದು ಎದೆಹಾಲು, ತಾಯಿಯ ಮೈಯ ಬಿಸುಪು, ಒಣಬಟ್ಟೆ, ಹೊತ್ತಿಗೆ ಸರಿಯಾಗಿ ಲಸಿಕೆ. ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಎದೆಹಾಲು ಕುಡಿಯುವ ಮಗುವಿಗೆ ಆ ಆರು ತಿಂಗಳು ನೀರೂ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಲಿನ ಪುಡಿ, ಬಾಟಲಿಗಳ ಜಾಹೀರಾತನ್ನು ನಮ್ಮ ದೇಶ 1992ರ ಕಾಯ್ದೆಯಲ್ಲೇ ನಿಷೇಧಿಸಿದೆ. ಡಬ್ಬಿ ಬೇಗ ಖಾಲಿಯಾಗದಿರಲೆಂದು ಪುಡಿಯನ್ನು ತೆಳ್ಳಗೆ ಕಲಸಿ, ಸರಿಯಾಗಿ ಕುದಿಸದ ಬಾಟಲಿಯಲ್ಲಿ ಕುಡಿಸಿದರೆ ಮಗು ಹಸಿವು, ಭೇದಿ ಎರಡಕ್ಕೂ ಸಿಕ್ಕಿಬೀಳುತ್ತದೆ. ವೈದ್ಯರೇ ಬರೆದುಕೊಟ್ಟರೆ ಆ ಮಾತು ಬೇರೆ. ವಾಕರಿನಿಂದ ಮಕ್ಕಳು ಉರುಳಿಬಿದ್ದು ತಲೆಗೆ ಪೆಟ್ಟು ಮಾಡಿಕೊಳ್ಳುತ್ತಾರೆಂದು ಕೆನಡಾ 2004ರಲ್ಲೇ ಅದರ ಮಾರಾಟ ನಿಲ್ಲಿಸಿತು.

ತಾಯಿಯ ಮೈಯ ಬಿಸುಪು ಎಷ್ಟು ಮುಖ್ಯವೆಂಬುದು ಕೊಲಂಬಿಯಾದ ಬೊಗೊಟಾದಲ್ಲಿ ಬೆಳಕಿಗೆ ಬಂತು. 1978ರಲ್ಲಿ ಅಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದಾದಾಗ ಡಾ. ಎಡ್ಗರ್ ರೇ ತೂಕ ಕಡಿಮೆಯ ಕೂಸುಗಳನ್ನು ತಾಯಂದಿರ ಬರಿ ಎದೆಗೆ ಅವುಚಿಸಿ ಕಟ್ಟಿಸಿದರು. ಕಾಂಗರೂ ಆರೈಕೆ ಎಂಬ ಹೆಸರಿನಲ್ಲಿ ಅದೇ ಕ್ರಮ ಇಂದು ಕರ್ನಾಟಕದ ಆಸ್ಪತ್ರೆಗಳಲ್ಲೂ ಇದೆ.

ಇನ್ನು ಬಟ್ಟೆಬರೆ. ಹುಟ್ಟುವ ಮುಂಚೆ ಮಗುವಿಗೆ ಏನನ್ನೂ ಕೊಳ್ಳಬಾರದು, ಮೊದಲು ಹಳೆಯ ಬಟ್ಟೆಯನ್ನೇ ತೊಡಿಸಬೇಕು ಎಂಬ ರೂಢಿ ಎಷ್ಟೋ ಮನೆಗಳಲ್ಲಿದೆ. ತೊಳೆದು ತೊಳೆದು ಮೆತ್ತಗಾದ ಹತ್ತಿ ಸೀರೆ ಎಳೆಮೈಯನ್ನು ಗಂಜಿಯ ಹೊಸಬಟ್ಟೆಯಂತೆ ಉಜ್ಜುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಅಂಥ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿಗೆ ಹೊಲಿಗೆ ಹಾಕುತ್ತ ಕೌದಿ ಹೊಲಿಯುತ್ತಾರೆ. ಇನ್ನೊಂದು ಸೀರೆ ತೊಲೆಗೆ ಜೋಲಿಯಾಗುತ್ತದೆ; ಬಟ್ಟೆ ಮುಖದ ಮೇಲೆ ಮಡಚಿಕೊಳ್ಳದಂತೆ ತಲೆಯ ಕಡೆ ಅಡ್ಡಕ್ಕೊಂದು ಕೋಲು. ಉಳಿದದ್ದನ್ನು ಹರಿದರೆ ದಿನಕ್ಕೆ ಹತ್ತಾರು ಬಾರಿ ಬದಲಿಸಲು ಲಂಗೋಟಿಗಳು.

ಹಾಗಾದರೆ ದುಡ್ಡು ಬೇಕಾಗುವುದು ಎಲ್ಲಿ? ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಆಸ್ಪತ್ರೆಯ ಊಟ, ಹೋಗಿಬರುವ ವಾಹನ ಇವೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವೆಂದು 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಹೇಳುತ್ತದೆ. ಆದರೂ ಸಾಲ ಬೆಳೆಯುವುದು ತಪ್ಪುವುದಿಲ್ಲ. ಸೀಮಂತ, ನಾಮಕರಣಗಳ ಪಾಲು ಅದರಲ್ಲಿ ದೊಡ್ಡದು. ಬಸುರಿಗೆ ಹಸಿರು ಬಳೆ ತೊಡಿಸಿ ಮಡಿಲು ತುಂಬುವುದಕ್ಕೆ ಹೆಚ್ಚೇನೂ ಖರ್ಚಿಲ್ಲ, ಆ ಸಂಭ್ರಮ ಆಕೆಗೆ ಸಲ್ಲಬೇಕಾದದ್ದೇ. ಸಾಲ ಬರುವುದು ಶಾಮಿಯಾನ, ಅಡುಗೆ ಕಂಟ್ರಾಕ್ಟಿನಿಂದ. ಅದೇ ಹಣದಲ್ಲಿ ಬಾಣಂತಿಗೆ ತಿಂಗಳುಗಟ್ಟಲೆ ಹಾಲು, ಮೊಟ್ಟೆ, ಸೊಪ್ಪು, ಬೇಳೆ ತರಬಹುದು. ರಾಜ್ಯ ಸರ್ಕಾರ 2017ರ ಅಕ್ಟೋಬರ್ 2ರಂದು ಶುರುಮಾಡಿದ ಮಾತೃಪೂರ್ಣ ಯೋಜನೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವುದು ಒಳ್ಳೆಯ ಕೆಲಸ. ಮನೆಗಳು ದೂರ ದೂರವಿರುವ ಮಲೆನಾಡಿನಲ್ಲಿ ಮಾತ್ರ ತುಂಬಿದ ಬಸುರಿ ದಿಣ್ಣೆ ಹತ್ತಿಳಿದು ಊಟಕ್ಕೆ ಬರಬೇಕೆನ್ನುವುದು ನ್ಯಾಯವಲ್ಲ.

ಎಲ್ಲಕ್ಕಿಂತ ದೊಡ್ಡ ಖರ್ಚು ಯಾವ ಚೀಟಿಯಲ್ಲೂ ಕಾಣುವುದಿಲ್ಲ: ತಪ್ಪಿದ ಕೂಲಿ. ಬೆಂಗಳೂರಿನ ಒಂದೇ ವಠಾರದಲ್ಲಿರುವ ಇಬ್ಬರನ್ನು ಊಹಿಸಿಕೊಳ್ಳಿ. ಗಾರ್ಮೆಂಟ್ಸಿಗೆ ಹೋಗುವವಳಿಗೆ ಇಎಸ್‌ಐ ವಂತಿಗೆ ಕಟ್ಟಿದ್ದರೆ ಮೊದಲೆರಡು ಹೆರಿಗೆಗಳಿಗೆ 26 ವಾರ ವೇತನ ಸಿಗುತ್ತದೆ. ಪಕ್ಕದಲ್ಲೇ ಇರುವ, ಮನೆಗೆಲಸಕ್ಕೆ ಹೋಗುವವಳಿಗೆ ಒಂದು ವಾರದ ರಜೆಯೂ ಹಕ್ಕಲ್ಲ. ಆಹಾರ ಭದ್ರತಾ ಕಾಯ್ದೆ 2013ರಲ್ಲಿ ಇಂಥ ತಾಯಂದಿರಿಗೆ ಕನಿಷ್ಠ 6,000 ರೂಪಾಯಿ ಎಂದಿತು. ಮಾತೃ ವಂದನಾ ಯೋಜನೆ ಕೊಡುವುದು ಚೊಚ್ಚಲಿಗೆ 5,000. ಎರಡನೆಯದು ಹೆಣ್ಣಾದರಷ್ಟೇ 6,000. ಎರಡನೆಯದು ಗಂಡಾದರೆ ಬಾಣಂತಿಯ ಹಸಿವು ಕಡಿಮೆಯಾಗುತ್ತದೆಯೇ?

ಅಷ್ಟನ್ನಾದರೂ ಪಡೆಯಲು ಮೊದಲ ತಿಂಗಳುಗಳಲ್ಲೇ ಆಶಾ ಕಾರ್ಯಕರ್ತೆಯ ಮೂಲಕ ತಾಯಿ ಕಾರ್ಡ್ ಮಾಡಿಸಬೇಕು, ತಾಯಿಯ ಹೆಸರಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿರಬೇಕು. ರಾತ್ರೋರಾತ್ರಿ ಬೇರೆ ಆಸ್ಪತ್ರೆಗೆ ಓಡಬೇಕಾದರೆಂದು ಒಂದಿಷ್ಟು ನಗದು ಮುಟ್ಟದೆ ಇಟ್ಟಿರಬೇಕು. ಇವಿಷ್ಟು ಮುಗಿದ ಮೇಲೆ ಅಂಗಡಿಯ ಮಾತು.

ಮನೆಗೆಲಸದವಳನ್ನು ಇಟ್ಟುಕೊಂಡವರ ಪಾಲೂ ಇದರಲ್ಲಿದೆ. ಮನೆಗೆ ತಿಂಗಳಿಗೆ 2,500 ರೂಪಾಯಿಯಂತೆ ಮೂರು ಮನೆ ಮಾಡುವವಳಿಗೆ, ಮೂವರೂ ಎರಡು ತಿಂಗಳ ಸಂಬಳ ನಿಲ್ಲಿಸದೆ ಕೊಟ್ಟರೆ 15,000 ಆಗುತ್ತದೆ, ಸರ್ಕಾರ ಚೊಚ್ಚಲಿಗೆ ಕೊಡುವುದರ ಮೂರರಷ್ಟು. ಆ ಹಣ ಕೈಯಲ್ಲಿದ್ದರೆ ಆಕೆ ಹಸಿಮೈಯಲ್ಲಿ ಪಾತ್ರೆ ತೊಳೆಯಲು ಬರಬೇಕಾಗುವುದಿಲ್ಲ, ಕೂಸಿಗೆ ಬಾಟಲಿ ಹಿಡಿಸಬೇಕಾಗುವುದೂ ಇಲ್ಲ.