ನೆಲಕ್ಕೆ ಅಂಟದ ದುಡಿಮೆ: ವೆಲೆನ್ಸಿಯಾ ಹೇಳುವ ಪಾಠ

ಕಚೇರಿ ಇದ್ದ ಊರಿನಲ್ಲಿಯೇ ನೌಕರನೂ ಇರಬೇಕೆಂಬ ಹಳೆಯ ಕಟ್ಟಳೆ 2020ರ ಕೊರೊನಾ ವರ್ಷದಲ್ಲಿ ಸಡಿಲವಾಯಿತು. ಅದರ ಬೆನ್ನಿಗೇ ಹೊಸ ಬಗೆಯ ವಲಸೆಗಾರನೊಬ್ಬ ಜಗತ್ತಿನ ಊರೂರುಗಳಲ್ಲಿ ಕಾಣಿಸಿಕೊಂಡ. ಹಿಂದಿನ ವಲಸೆಗಾರ ಕೆಲಸವನ್ನು ಅರಸಿ ಊರು ಬಿಡುತ್ತಿದ್ದ. ಇವನು ಕೆಲಸವನ್ನು ಚೀಲದಲ್ಲಿಟ್ಟುಕೊಂಡು ಊರನ್ನು ಅರಸುತ್ತಾನೆ. ಸಂಬಳ ಅಮೆರಿಕದ್ದೋ ಜರ್ಮನಿಯದೋ ಆಗಿರುತ್ತದೆ. ಬಿಸಿಲು, ಕಡಲ ತೀರ, ತಾಜಾ ಹಣ್ಣು-ತರಕಾರಿ ಸ್ಪೇನಿನವಾಗಿರುತ್ತವೆ. ಇಂಥವರಿಗೆ ‘ಡಿಜಿಟಲ್ ಅಲೆಮಾರಿ’ ಎಂಬ ಹೆಸರು ಬಿದ್ದಿದೆ. ಆದರೆ ಹೆಸರು ಪೂರ್ತಿ ಹೊಂದುವುದಿಲ್ಲ. ಕುರಿಮಂದೆಯ ಹಿಂದೆ ನಡೆಯುವ ಅಲೆಮಾರಿಗೆ ಯಾವ ಹಳ್ಳದಲ್ಲಿ ಯಾವ ತಿಂಗಳವರೆಗೆ ನೀರಿರುತ್ತದೆ, ಯಾರ ಹೊಲದಲ್ಲಿ ಮಂದೆ ನಿಲ್ಲಿಸಬಹುದು ಎಂಬುದು ಗೊತ್ತಿರಲೇಬೇಕು. ಈ ಹೊಸ ಅಲೆಮಾರಿಗೆ ಇಂಟರ್‌ನೆಟ್ಟಿನ ವೇಗ, ಮನೆಯ ಬಾಡಿಗೆ ಇವೆರಡು ಗೊತ್ತಿದ್ದರೆ ಸಾಕು.

ನೆಲಕ್ಕೆ ಅಂಟದ ಈ ದುಡಿಮೆ ತಾನು ನಿಂತ ನೆಲಕ್ಕೆ ಏನನ್ನು ಸಲ್ಲಿಸಬೇಕು? ಸ್ಪೇನಿನ ವೆಲೆನ್ಸಿಯಾ ನಗರ ಇಂದು ಈ ಪ್ರಶ್ನೆಯನ್ನು ಎದುರಿಸುತ್ತಿದೆ. ಅದೇ ಪ್ರಶ್ನೆ ಮಲೆನಾಡಿನ ಘಾಟಿಗಳನ್ನೂ ಹತ್ತುತ್ತಿದೆ.

ಆಹ್ವಾನ ಕೊಟ್ಟದ್ದು ಕಾನೂನೇ

ಸ್ಪೇನ್ 2022ರ ಡಿಸೆಂಬರಿನಲ್ಲಿ ನವೋದ್ಯಮಗಳ ಕಾಯಿದೆಯೊಂದನ್ನು ಜಾರಿಗೆ ತಂದಿತು. ಐರೋಪ್ಯ ಒಕ್ಕೂಟಕ್ಕೆ ಹೊರಗಿನವರು ಸ್ಪೇನಿನಲ್ಲಿ ವಾಸವಿದ್ದು ಬೇರೆ ದೇಶಗಳ ಕಂಪನಿಗಳಿಗೆ ದುಡಿಯುವುದಕ್ಕೆ ಅದರಲ್ಲಿ ಪ್ರತ್ಯೇಕ ವೀಸಾದ ಏರ್ಪಾಡಿದೆ. ಭಾರತೀಯರೂ ಅರ್ಜಿ ಹಾಕಬಹುದು. ಪದವಿ ಇರಬೇಕು ಅಥವಾ ಮೂರು ವರ್ಷಗಳ ಅನುಭವ ಇರಬೇಕು. ಸ್ಪೇನಿನ ಕಂಪನಿಗಳಿಗೆ ಮಾಡುವ ಕೆಲಸ ಒಟ್ಟು ಕೆಲಸದ ಶೇ 20ನ್ನು ಮೀರಬಾರದು. ವರಮಾನವು ಆ ದೇಶದ ಕನಿಷ್ಠ ವೇತನದ ಎರಡು ಪಟ್ಟಾದರೂ ಇರಬೇಕು. ಮುಖ್ಯ ಷರತ್ತುಗಳು ಇವು.

ಕೊನೆಯ ಷರತ್ತನ್ನು ತುಸು ಬಿಡಿಸಿ ನೋಡಬೇಕು. 2024ರಲ್ಲಿ ಸ್ಪೇನಿನ ಕನಿಷ್ಠ ವೇತನ 1,134 ಯೂರೊ ಇತ್ತು. ಅಲ್ಲಿ ವರ್ಷಕ್ಕೆ 14 ಕಂತುಗಳ ಲೆಕ್ಕ. ಆದ್ದರಿಂದ ವಾರ್ಷಿಕ ಮೊತ್ತ 15,876 ಯೂರೊ. ಅಂದರೆ ಆ ವರ್ಷ ಈ ವೀಸಾ ಬೇಡಿದವರಿಗೆ ಕಡಿಮೆಯೆಂದರೂ 31,752 ಯೂರೊ ವರಮಾನ ಬೇಕಿತ್ತು. ಕನಿಷ್ಠ ವೇತನಕ್ಕೆ ಕಿತ್ತಳೆ ಕೊಯ್ಯುವವನು, ಹೋಟೆಲಿನಲ್ಲಿ ತಟ್ಟೆ ತೊಳೆಯುವವಳು ಬಾಡಿಗೆ ಮನೆ ಹುಡುಕುವ ಬೀದಿಯಲ್ಲಿಯೇ ಅವರ ಎರಡು ಪಟ್ಟು ಹಣವುಳ್ಳವನೂ ಮನೆ ಹುಡುಕುತ್ತಾನೆ. ಮನೆಯೊಡೆಯ ಯಾರಿಗೆ ಬಾಗಿಲು ತೆರೆದಾನು? ಪೈಪೋಟಿಯ ತಕ್ಕಡಿ ಒಂದೇ ಕಡೆಗೆ ವಾಲುವಂತೆ ಕಾನೂನೇ ಕಲ್ಲಿಟ್ಟಿದೆ.

ತೆರಿಗೆಯಲ್ಲಿಯೂ ಹಾಗೆಯೇ. ವಿಶೇಷ ಪದ್ಧತಿಯನ್ನು ಆರಿಸಿಕೊಂಡ ಹೊಸಬರು ಬಂದ ವರ್ಷವೂ ಸೇರಿ ಆರು ವರ್ಷಗಳ ಕಾಲ, ಆರು ಲಕ್ಷ ಯೂರೊವರೆಗಿನ ದುಡಿಮೆಗೆ ಶೇ 24ರ ಒಂದೇ ದರದಲ್ಲಿ ತೆರಿಗೆ ಕಟ್ಟಬಹುದು. ಸ್ಥಳೀಯರಿಗೆ ವರಮಾನ ಏರಿದಂತೆ ದರವೂ ಏರುತ್ತ ಹೋಗುತ್ತದೆ. ಸಣ್ಣ ಸಂಬಳದವರಿಗೆ ಈ ರಿಯಾಯಿತಿಯಿಂದ ಹೆಚ್ಚೇನೂ ಸಿಗದು. ಅದರ ಬೆಲೆ ತಿಳಿಯುವುದು ದೊಡ್ಡ ಸಂಬಳದವರಿಗೆ. ಒಂದೇ ಕಟ್ಟಡದಲ್ಲಿ ಒಂದೇ ಮೊತ್ತದ ದೊಡ್ಡ ಸಂಬಳ ಪಡೆಯುವ ಇಬ್ಬರ ಪೈಕಿ, ಊರಿನ ಆಸ್ಪತ್ರೆಯ ವೈದ್ಯೆಗಿಂತ ನಿನ್ನೆ ಬಂದಿಳಿದವನು ಕಡಿಮೆ ತೆರಿಗೆ ಕಟ್ಟುತ್ತಾನೆ. ಇಬ್ಬರೂ ನಡೆಯುವ ರಸ್ತೆ, ಕುಡಿಯುವ ನೀರು ಒಂದೇ.

ನೀರು ನೆಲವನ್ನು ಬಿಟ್ಟು ಹೋಗದ ಊರು

ಎಂಟು ಲಕ್ಷ ಜನವಸತಿಯ ವೆಲೆನ್ಸಿಯಾ ಸ್ಪೇನಿನ ಮೂರನೆಯ ದೊಡ್ಡ ನಗರ. ಅಲ್ಲಿ ಕೊನೆಯ ಬಡಾವಣೆ ಮುಗಿಯುವಲ್ಲಿಯೇ ‘ಓರ್ತಾ’ ಎಂಬ ನೀರಾವರಿ ಬಯಲು ಶುರುವಾಗುತ್ತದೆ. ಅರಬ್ಬರ ಆಳ್ವಿಕೆಯ ಕಾಲದಲ್ಲಿ ರೂಪುಗೊಂಡ ಕಾಲುವೆಗಳು ತೂರಿಯಾ ನದಿಯ ನೀರನ್ನು ಸಣ್ಣ ಹಿಡುವಳಿಗಳಿಗೆ ಇಂದಿಗೂ ಹಾಯಿಸುತ್ತಿವೆ. ನಗರದ ಉತ್ತರಕ್ಕಿರುವ ಮರಳು ಮಿಶ್ರಿತ ಮಣ್ಣಿನಲ್ಲಿ ‘ಚೂಫಾ’ ಎಂಬ ಗಡ್ಡೆ ಬೆಳೆಯುತ್ತದೆ. ಮಲೆನಾಡಿನ ರೈತರು ಗದ್ದೆಯಿಂದ ಶಪಿಸುತ್ತ ಕೀಳುವ ಜೇಕಿನ ಕುಲಕ್ಕೇ ಸೇರಿದ ಸಸ್ಯ ಅದು. ಅಲ್ಲಿಯವರು ಆ ಗಡ್ಡೆಯನ್ನು ನೆನೆಸಿ, ಅರೆದು, ಸೋಸಿ, ಸಿಹಿ ಬೆರೆಸಿ ‘ಓರ್ಚಾತಾ’ ಎಂಬ ತಂಪು ಪಾನೀಯ ಮಾಡುತ್ತಾರೆ. ದಕ್ಷಿಣದಲ್ಲಿ ಅಲ್ಬುಫೆರಾ ಸರೋವರವಿದ್ದು, ಅದರ ಸುತ್ತ ಭತ್ತದ ಗದ್ದೆಗಳಿವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಓರ್ತಾದ ಚಾರಿತ್ರಿಕ ನೀರಾವರಿ ವ್ಯವಸ್ಥೆಯನ್ನು 2019ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಗುರುತಿಸಿತು.

ಈ ನೀರಿಗೊಂದು ನ್ಯಾಯಮಂಡಳಿಯಿದೆ. ಎಂಟು ಕಾಲುವೆಗಳ ರೈತರು ಚುನಾಯಿಸಿದ ಎಂಟು ಪ್ರತಿನಿಧಿಗಳು ಪ್ರತಿ ಗುರುವಾರ ಮಧ್ಯಾಹ್ನ 12 ಗಂಟೆಗೆ ನಗರದ ಪ್ರಧಾನ ಚರ್ಚಿನ ಬಾಗಿಲಲ್ಲಿ ಕಪ್ಪು ನಿಲುವಂಗಿ ತೊಟ್ಟು ಕೂರುತ್ತಾರೆ. ಎಲ್ಲರೂ ಬೇಸಾಯಗಾರರು. ಸರದಿ ಮೀರಿ ನೀರು ತಿರುಗಿಸಿದವರು, ಕಾಲುವೆಯ ಹೂಳೆತ್ತದವರು, ಪಕ್ಕದವರ ಹೊಲಕ್ಕೆ ನೀರು ನುಗ್ಗಿಸಿದವರು ಅಲ್ಲಿ ಉತ್ತರ ಕೊಡಬೇಕು. ವಕೀಲರಿಲ್ಲ, ವಾದವೆಲ್ಲ ಬಾಯಿಮಾತಿನಲ್ಲಿ, ಸ್ಥಳೀಯ ನುಡಿಯಾದ ವೆಲೆನ್ಸಿಯನ್ನಿನಲ್ಲಿ. ತೀರ್ಪಿನ ಮೇಲೆ ಮೇಲ್ಮನವಿಯಿಲ್ಲ. ಅರಸ ಒಂದನೆಯ ಹೈಮೆ 1238ರಲ್ಲಿ ನಗರವನ್ನು ಗೆದ್ದಾಗಲೂ ನೀರಿನ ಈ ಹಳೆಯ ಕಟ್ಟುಪಾಡುಗಳನ್ನು ಹಾಗೆಯೇ ಉಳಿಸಿದ. ಯುನೆಸ್ಕೊ 2009ರಲ್ಲಿ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಅದೇ ವರ್ಷ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನರ್ ಆಸ್ಟ್ರಮ್, 1990ರ ತಮ್ಮ ಗ್ರಂಥದಲ್ಲಿ ವೆಲೆನ್ಸಿಯಾದ ಈ ವ್ಯವಸ್ಥೆಯನ್ನು ದೀರ್ಘಕಾಲ ಬಾಳಿದ ಸಾಮುದಾಯಿಕ ಆಡಳಿತಕ್ಕೆ ಉದಾಹರಣೆಯಾಗಿ ಚರ್ಚಿಸಿದ್ದಾರೆ. ಅವರು ಗುರುತಿಸಿದ ಒಂದು ಅಂಶ ಮುಖ್ಯವಾದುದು. ಅದೇ ಕರಾವಳಿಯ ಅಲಿಕಾಂತೆಯಲ್ಲಿ ನೀರಿನ ಹಕ್ಕು ಜಮೀನಿನಿಂದ ಬೇರ್ಪಟ್ಟು ಕೊಳ್ಳುವ-ಮಾರುವ ಸರಕಾಗಿತ್ತು. ವೆಲೆನ್ಸಿಯಾದಲ್ಲಿ ನೀರಿನ ಹಕ್ಕು ಜಮೀನಿಗೇ ಅಂಟಿಕೊಂಡಿತ್ತು. ಹಕ್ಕಿನ ಜೊತೆಗೆ ಕಾಲುವೆಯ ದುರಸ್ತಿಯ ಹೊಣೆ, ಬರಗಾಲದಲ್ಲಿ ಕೊರತೆಯನ್ನು ಹಂಚಿಕೊಳ್ಳುವ ಹೊಣೆ ಎರಡೂ ಬರುತ್ತಿದ್ದವು. ನೀರು ಬೇಕೆಂದವನು ಸಭೆಗೆ ಬರಬೇಕು, ಸಲಿಕೆ ಹಿಡಿಯಬೇಕು. ಮಲೆನಾಡಿನಲ್ಲಿ ಒಂದೇ ಅಬ್ಬಿಯ ನೀರನ್ನು ಹಂಚಿಕೊಂಡು ಬಾಳುವ ಮನೆಗಳಿಗೆ ಈ ತರ್ಕವನ್ನು ಯಾರೂ ವಿವರಿಸಬೇಕಾಗಿಲ್ಲ.

ದೂರದಿಂದ ದುಡಿಯುವವರ ವೀಸಾ ಈ ತರ್ಕಕ್ಕೆ ತದ್ವಿರುದ್ಧ. ಅಲ್ಲಿ ವಾಸದ ಹಕ್ಕು ವಾಸದ ಹೊಣೆಯಿಂದ ಬೇರ್ಪಟ್ಟಿದೆ. ಹಣವೊಂದಿದ್ದರೆ ಊರು ಸಿಗುತ್ತದೆ. ಊರಿನ ಸಭೆ, ಊರಿನ ನುಡಿ, ಊರಿನ ಸಲಿಕೆ ಯಾವುದೂ ಷರತ್ತಲ್ಲ. ಅಮೆರಿಕದ ಪೂರ್ವ ಕರಾವಳಿಯ ಗಡಿಯಾರಕ್ಕೆ ಕಟ್ಟಿಕೊಂಡವನ ಕೆಲಸದ ದಿನ ವೆಲೆನ್ಸಿಯಾದಲ್ಲಿ ಮಧ್ಯಾಹ್ನ ಮೂರಕ್ಕೆ ಆರಂಭವಾಗಿ ರಾತ್ರಿ ಹನ್ನೊಂದಕ್ಕೆ ಮುಗಿಯುತ್ತದೆ. ನೆರೆಹೊರೆಯವರು ಚೌಕದಲ್ಲಿ ಕೂತು ಮಾತಾಡುವ ಹೊತ್ತಿನಲ್ಲಿ ಅವನು ಪರದೆಯ ಮುಂದಿರುತ್ತಾನೆ. ಊರಿನಲ್ಲಿದ್ದೂ ಊರಿನವನಾಗದಿರುವುದಕ್ಕೆ ಅವನ ಮನಸ್ಸಿಗಿಂತ ಅವನ ಗಡಿಯಾರವೇ ಹೆಚ್ಚು ಕಾರಣ.

ಚೆಲುವನ್ನು ಉಳಿಸಿದವರು ಯಾರು?

ಹೊಸಬರನ್ನು ಸೆಳೆಯುವ ವೆಲೆನ್ಸಿಯಾದ ಚೆಲುವು ತಾನಾಗಿ ಉಳಿದದ್ದಲ್ಲ. 1957ರ ಅಕ್ಟೋಬರ್ 14ರಂದು ತೂರಿಯಾ ಉಕ್ಕಿ 80ಕ್ಕೂ ಹೆಚ್ಚು ಜನ ಸತ್ತರು. ಸರ್ಕಾರ ನದಿಯನ್ನೇ ನಗರದ ದಕ್ಷಿಣಕ್ಕೆ ಹೊಸ ಪಾತ್ರ ತೋಡಿ ತಿರುಗಿಸಿತು. ಬರಿದಾದ ಹಳೆಯ ಪಾತ್ರದಲ್ಲಿ ಹೆದ್ದಾರಿ ಹಾಕುವ ಯೋಜನೆ ಬಂದಾಗ ನಾಗರಿಕರು 1970ರ ದಶಕದಲ್ಲಿ ಬೀದಿಗಿಳಿದು, ನದಿಯ ಪಾತ್ರ ಹಸಿರಾಗಿಯೇ ಇರಬೇಕೆಂದು ಹಟ ಹಿಡಿದರು. ಇಂದು ಅಲ್ಲಿ ನಗರದ ನಡುವೆ ಹಾದುಹೋಗುವ ಉದ್ದನೆಯ ಉದ್ಯಾನವಿದೆ. ಕಡಲಂಚಿನ ಕಬನ್ಯಾಲ್ ಎಂಬ ಬೆಸ್ತರ ಕೇರಿಯ ಕತೆಯೂ ಇಂಥದೇ. ಅಗಲ ರಸ್ತೆಯೊಂದನ್ನು ಕಡಲವರೆಗೆ ಒಯ್ಯಲು ಅಲ್ಲಿಯ ಸುಮಾರು 1,600 ಮನೆಗಳನ್ನು ಕೆಡವುವ ಯೋಜನೆಯನ್ನು ನಿವಾಸಿಗಳು 1998ರಿಂದ ಹದಿನೈದು ವರ್ಷಕ್ಕೂ ಮೀರಿ ವಿರೋಧಿಸಿ ನಿಲ್ಲಿಸಿದರು.

ಬುಲ್ಡೋಜರಿನಿಂದ ಉಳಿದ ಆ ಕೇರಿಯ ಹೆಂಚಿನ ಮನೆಗಳ ಮೇಲೆ ಈಗ ಬಾಡಿಗೆಯ ಒತ್ತಡ ಬಿದ್ದಿದೆ. ಹೋರಾಡಿ ಉಳಿಸಿದವರ ಮಕ್ಕಳೇ ಅಲ್ಲಿ ಮನೆ ಹಿಡಿಯಲಾರದೆ ಹೋದರೆ, ಉಳಿಸಿದ್ದು ಯಾರಿಗಾಗಿ? ಪರಿಸರ ಚಳವಳಿಗಳು ಈ ಪ್ರಶ್ನೆಯನ್ನು ಕೇಳಿಕೊಳ್ಳದಿದ್ದರೆ, ಕಾಡು ನದಿಗಳನ್ನು ಕಾಯುವ ಶ್ರಮವೆಲ್ಲ ಕೊನೆಗೆ ಸಿರಿವಂತರ ಕಿಟಕಿಯ ನೋಟವಾಗಿ ಮಾರಾಟವಾಗುತ್ತದೆ.

ಎಲ್ಲ ಹೊರೆಯೂ ಅವರದಲ್ಲ

ಹಾಗೆಂದು ಎಲ್ಲ ದೋಷವನ್ನೂ ಲ್ಯಾಪ್‌ಟಾಪ್ ಹಿಡಿದು ಬಂದವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಐದು ಕೋಟಿಗಿಂತ ಕಡಿಮೆ ಜನರಿರುವ ಸ್ಪೇನಿಗೆ 2024ರಲ್ಲಿ ಸುಮಾರು 9.4 ಕೋಟಿ ವಿದೇಶಿ ಪ್ರವಾಸಿಗರು ಬಂದರು. ವಾಸದ ಮನೆಗಳು ದಿನಬಾಡಿಗೆಯ ಪ್ರವಾಸಿ ಮನೆಗಳಾದವು. ಹೂಡಿಕೆದಾರರು ಕಟ್ಟಡಗಳನ್ನೇ ಖರೀದಿಸಿದರು. ಸರ್ಕಾರಿ ಬಾಡಿಗೆ ಮನೆಗಳ ಪ್ರಮಾಣ ಐರೋಪ್ಯ ಸರಾಸರಿಗಿಂತ ಬಹಳ ಕಡಿಮೆಯಿದೆ. 2023ರ ವಸತಿ ಕಾಯಿದೆ ಬಾಡಿಗೆಗೆ ಮಿತಿ ಹಾಕುವ ಅಧಿಕಾರವನ್ನು ಪ್ರಾಂತಗಳಿಗೆ ಕೊಟ್ಟಿತು. ಕೆಲವು ತಿಂಗಳಿಗಷ್ಟೇ ಎಂಬ ಕರಾರಿನ ಬಾಡಿಗೆ ಆ ಮಿತಿಯಿಂದ ನುಸುಳಿಕೊಳ್ಳುವ ಕಂಡಿಯಾಯಿತು. ದೂರದಿಂದ ದುಡಿಯುವವರು ಮೊದಲು ಹೋಗಿ ಸೇರುವುದು ಇಂಥ ಕರಾರಿನ ಮನೆಗಳಿಗೇ. ಅವರು ಕಾಯಿಲೆಯಲ್ಲ, ಕಾಯಿಲೆಯ ಒಂದು ಲಕ್ಷಣ.

ಕಾನೂನು ಮಾಡಿದ್ದನ್ನು ಕಾನೂನು ತಿದ್ದಲೂಬಹುದು. ಬಾರ್ಸಿಲೋನಾ ನಗರಾಡಳಿತ ತನ್ನಲ್ಲಿರುವ ಸುಮಾರು 10,000 ಪ್ರವಾಸಿ ಮನೆಗಳ ಪರವಾನಗಿಗಳನ್ನು 2028ರ ನವೆಂಬರಿನೊಳಗೆ ಕೊನೆಗಾಣಿಸುವುದಾಗಿ 2024ರ ಜೂನ್‌ನಲ್ಲಿ ಸಾರಿತು. ಮನೆ ಕೊಂಡ ವಿದೇಶಿ ಸಿರಿವಂತರಿಗೆ ಕೊಡುತ್ತಿದ್ದ ವಾಸದ ಪರವಾನಗಿಯನ್ನು ಸ್ಪೇನ್ 2025ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಬೀದಿಗಿಳಿದ ಜನರ ದನಿಯಿಲ್ಲದೆ ಇವು ಆಗುತ್ತಿರಲಿಲ್ಲ. ಇನ್ನೊಂದೆಡೆ ಅದೇ ದೇಶದ ಒಳನಾಡಿನಲ್ಲಿ, ತೆರುಯೆಲ್, ಸೋರಿಯಾ ಪ್ರಾಂತಗಳಲ್ಲಿ, ಶಾಲೆಗೆ ಮಕ್ಕಳಿಲ್ಲದೆ ಬರಿದಾದ ಗುಡ್ಡದ ಹಳ್ಳಿಗಳಿವೆ. ಅಂಥ ಹಳ್ಳಿಗಳಿಗೆ ದೂರದಿಂದ ದುಡಿಯುವ ಒಂದು ಕುಟುಂಬ ಬಂದರೂ ಅದು ವರವೇ. ತೆರಿಗೆ ರಿಯಾಯಿತಿಯನ್ನು ತುಂಬಿ ತುಳುಕುವ ಕಡಲ ನಗರಕ್ಕೂ ಬರಿದಾದ ಹಳ್ಳಿಗೂ ಒಂದೇ ಅಳತೆಯಲ್ಲಿ ಕೊಟ್ಟದ್ದು ಕಾನೂನಿನ ಕುರುಡು.

ನೀರು ಕೇಳಿದ ಲೆಕ್ಕ

ವೆಲೆನ್ಸಿಯಾ 2024ರಲ್ಲಿ ಯುರೋಪಿನ ಹಸಿರು ರಾಜಧಾನಿಯೆಂಬ ಬಿರುದು ಹೊತ್ತಿತ್ತು. ಆ ವರ್ಷದ ಅಕ್ಟೋಬರ್ 19ರಂದು ‘ವೆಲೆನ್ಸಿಯಾ ಮಾರಾಟಕ್ಕಿಲ್ಲ’ ಎಂದು ಸಾವಿರಾರು ಜನ ಮೆರವಣಿಗೆ ನಡೆಸಿದರು. ಸರಿಯಾಗಿ ಹತ್ತು ದಿನಕ್ಕೆ ಪ್ರವಾಹ ಬಂತು. ಒಳನಾಡಿನ ಚಿವಾದಲ್ಲಿ ಎಂಟು ಗಂಟೆಗಳಲ್ಲಿ 491 ಮಿಲಿಮೀಟರ್ ಮಳೆ ಸುರಿಯಿತು. ಆಗುಂಬೆಯವರಿಗೆ ಅಂಥ ಮಳೆಯ ಅಂದಾಜಿದ್ದೀತು. ಒಣ ಹಳ್ಳಗಳ ಆ ನಾಡಿಗೆ ಇರಲಿಲ್ಲ. 1957ರ ನಂತರ ತೋಡಿದ ಹೊಸ ಪಾತ್ರ ನಗರದ ಬಹುಭಾಗವನ್ನು ಕಾಪಾಡಿತು. ಪಾತ್ರದ ಆಚೆಗಿರುವ ಪೈಪೋರ್ತಾ, ಕತರೋಜಾ ಮುಂತಾದ, ದುಡಿಯುವ ವರ್ಗದವರೇ ಹೆಚ್ಚಾಗಿರುವ ಪಟ್ಟಣಗಳು ಮುಳುಗಿದವು. ಮೊಬೈಲುಗಳಿಗೆ ಎಚ್ಚರಿಕೆಯ ಸಂದೇಶ ಬಂದದ್ದು ರಾತ್ರಿ ಎಂಟು ದಾಟಿದ ಮೇಲೆ. ಕೆಲಸ ಮುಗಿಸಿ ಮರಳುತ್ತಿದ್ದ ಅನೇಕರು ಆ ಹೊತ್ತಿಗಾಗಲೇ ರಸ್ತೆಗಳಲ್ಲಿ ಸಿಕ್ಕಿಕೊಂಡಿದ್ದರು. ವೆಲೆನ್ಸಿಯಾ ಪ್ರಾಂತವೊಂದರಲ್ಲೇ 220ಕ್ಕೂ ಹೆಚ್ಚು ಜನ ಸತ್ತರು.

ಯಾರು ಎಲ್ಲಿ ವಾಸಿಸಬಲ್ಲರು ಎಂಬುದು ಬರಿಯ ಬಾಡಿಗೆಯ ಪ್ರಶ್ನೆಯಲ್ಲ ಎಂಬುದನ್ನು ಆ ರಾತ್ರಿ ತೋರಿಸಿತು. ನೀರು ಬಂದಾಗ ಯಾರು ತಗ್ಗಿನಲ್ಲಿರುತ್ತಾರೆ ಎಂಬ ಪ್ರಶ್ನೆಯೂ ಅದೇ. ಮರುದಿನಗಳಲ್ಲಿ ಸಾವಿರಾರು ಯುವಜನರು ಸಲಿಕೆ, ಪೊರಕೆ ಹೊತ್ತು ಕಾಲುಸೇತುವೆ ದಾಟಿ ಕೆಸರು ಬಳಿಯಲು ನಡೆದರು. ಕಾಲುವೆಯ ಹಳೆಯ ಧರ್ಮ ಆ ಸೇತುವೆಯ ಮೇಲೆ ಮತ್ತೆ ಕಾಣಿಸಿತು: ಸಲಿಕೆ ಹಿಡಿದವರು ಊರಿನವರು.

ಮಲೆನಾಡಿಗೆ ಬರುವ ದಾರಿಯಲ್ಲಿ

2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಮರಳಿದ ಮಲೆನಾಡಿನ ಯುವಕ ಯುವತಿಯರು ಸಿಗ್ನಲ್ ಸಿಗುವ ಗುಡ್ಡದ ನೆತ್ತಿಯಲ್ಲಿ ಟಾರ್ಪಾಲು ಕಟ್ಟಿ ಕೆಲಸ ಮಾಡಿದ್ದನ್ನು ಇಲ್ಲಿಯ ಹಳ್ಳಿಗಳು ಕಂಡಿವೆ. ವೃದ್ಧ ತಂದೆತಾಯಿಯರಷ್ಟೇ ಉಳಿದ ಮನೆಗಳಿಗೆ ಅದು ಸಂತೋಷದ ಕಾಲವೂ ಆಗಿತ್ತು. ದೂರದಿಂದ ದುಡಿಯುವ ಸೌಕರ್ಯ ಗುಡ್ಡಗಾಡಿಗೆ ಶತ್ರುವಲ್ಲ. ತೆರುಯೆಲ್‌ನಂತೆ ಇಲ್ಲಿಯೂ ಅದು ಮುಚ್ಚುವ ಶಾಲೆಯೊಂದನ್ನು ಉಳಿಸಬಹುದು. ಅದೇ ಸೌಕರ್ಯ ಹೊರಗಿನ ಹಣದ ಬೆನ್ನೇರಿ ಬಂದರೆ, ನೋಟ ಚೆನ್ನಾಗಿರುವ ಗುಡ್ಡದ ನೆತ್ತಿಗೆ ಬೆಲೆ ಏರುತ್ತದೆ, ಅಬ್ಬಿಯ ನೀರು ಹೋಂಸ್ಟೇಯ ಟ್ಯಾಂಕಿಗೆ ಹೋಗುತ್ತದೆ, ತೋಟದ ಕೂಲಿಯವರಿಗೆ ಊರಿನಲ್ಲಿ ಸೂರು ಸಿಗದಾಗುತ್ತದೆ.

ಎರಡರಲ್ಲಿ ಯಾವುದು ಆಗಬೇಕೆಂಬುದನ್ನು ಗ್ರಾಮಸಭೆಗಳು ಈಗಲೇ ನಿರ್ಧರಿಸಬೇಕು. ಕೃಷಿಭೂಮಿಯನ್ನು ಅನ್ಯ ಉದ್ದೇಶಕ್ಕೆ ಪರಿವರ್ತಿಸುವ ಮೊದಲು ನೀರಿನ ಮೂಲ, ಕಸದ ವಿಲೇವಾರಿ, ಇಳಿಜಾರಿನ ಸ್ಥಿತಿಗಳ ಬಗ್ಗೆ ಊರಿನ ಮಾತು ನಡೆಯಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದದ್ದನ್ನು ಮರೆತವರಾರು? ಹೊರಗಿನಿಂದ ಬಂದು ನೆಲೆಸುವವರಿಗೂ, ಓದಿ ಮರಳುವ ಊರಿನ ಮಕ್ಕಳಿಗೂ ಒಂದೇ ಅಳತೆಯಿರಲಿ. ಬೇಸಿಗೆಯಲ್ಲಿ ಬೆಂಕಿ ರೇಖೆ ಸವರುವ ದಿನ, ಕೆರೆಯ ಹೂಳೆತ್ತುವ ದಿನ, ಅಬ್ಬಿಯ ಕೊಳವೆ ಕಟ್ಟಿಕೊಂಡು ಗುಡ್ಡ ಹತ್ತಬೇಕಾದ ದಿನ ಸರದಿಯ ಪಟ್ಟಿಯಲ್ಲಿ ಲ್ಯಾಪ್‌ಟಾಪಿನವರ ಹೆಸರೂ ಇರಲಿ.