ಹಾಲಿಗೆ ಲೆಕ್ಕವಿದೆ, ತುಪ್ಪಕ್ಕೆ ಯಾಕಿಲ್ಲ?

ಬೆಳಿಗ್ಗೆ ಸಂಘಕ್ಕೆ ಹಾಲು ಹಾಕಿದರೆ ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ದರ ಎಷ್ಟು ಎಂಬುದೆಲ್ಲ ಚೀಟಿಯಲ್ಲಿ ಬರುತ್ತದೆ. ಅರ್ಧ ಲೀಟರ್ ವ್ಯತ್ಯಾಸವಾದರೂ ನಾವು ಕಾರ್ಯದರ್ಶಿಯವರನ್ನು ಕೇಳದೆ ಬಿಡುವುದಿಲ್ಲ. ಬಟವಾಡೆ ದಿನ ಪಶು ಆಹಾರದ ಹಣ ಎಷ್ಟು ಮುರಿದುಕೊಂಡರೆಂದು ಎರಡು ಸಲ ಕೂಡಿಸಿ ನೋಡುತ್ತೇವೆ. ಅದೇ ನಾವು, ಮನೆಯಲ್ಲಿ ಕಾಯಿಸಿದ ತುಪ್ಪದ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಹಾಕಿ ಮಾರುವಾಗ ಒಂದು ಸಾಲೂ ಬರೆದಿಡುವುದಿಲ್ಲ.

ಇದು ಬೇರೆಯವರ ಮೇಲಿನ ದೂರಲ್ಲ, ನನ್ನದೇ ತಪ್ಪು. ಒಂದು ವರ್ಷ ಕೆಜಿಗೆ 1,300 ರೂಪಾಯಿಯಂತೆ ತುಪ್ಪ ಮಾರಿದೆ. ಬೆಂಗಳೂರಿನಿಂದ ಆರ್ಡರ್ ಬರುತ್ತಿತ್ತು, ಫೋನಿನಲ್ಲಿ ಹಣ ಬಿದ್ದ ಸದ್ದು ಕೇಳುತ್ತಿತ್ತು. ವ್ಯಾಪಾರ ಚೆನ್ನಾಗಿದೆ ಎಂದೇ ತಿಳಿದಿದ್ದೆ. ಮಗಳ ಕಾಲೇಜು ಫೀಸು ಕಟ್ಟುವ ಹೊತ್ತಿಗೆ ಖಾತೆ ನೋಡಿದರೆ ತುಪ್ಪದ ಹಣ ಅಂತ ಬೇರೆಯಾಗಿ ಏನೂ ಉಳಿದಿರಲಿಲ್ಲ. ಆ ರಾತ್ರಿ ಮಗಳೂ ನಾನೂ ಕೂತು ಒಂದು ಕೆಜಿ ತುಪ್ಪದ ಖರ್ಚು ಬರೆದೆವು.

ಫ್ಯಾಟ್ 4 ಇರುವ ಹಸುವಿನ ಹಾಲಾದರೆ ನಮ್ಮ ಮನೆಯ ಕಡೆಯುವ ಕ್ರಮದಲ್ಲಿ ಒಂದು ಕೆಜಿ ತುಪ್ಪಕ್ಕೆ 28 ಲೀಟರ್ ಬೇಕು. ಆಗ ಸಂಘದಲ್ಲಿ ನಮಗೆ ಸಿಗುತ್ತಿದ್ದದ್ದು ಲೀಟರಿಗೆ 35 ರೂಪಾಯಿ, ಜೊತೆಗೆ ಸರ್ಕಾರದ ಪ್ರೋತ್ಸಾಹಧನ 5. ಅಂದರೆ ಹಾಲಿನ ಬೆಲೆಯೇ 1,120. ಗ್ಯಾಸಿಗೆ 35. ಗಾಜಿನ ಬಾಟಲಿ, ಲೇಬಲ್, ರಟ್ಟಿನ ಪೆಟ್ಟಿಗೆಗೆ 64. ಕೊರಿಯರ್ ನಮ್ಮದೇ ಎಂದು ಹೇಳಿಬಿಟ್ಟಿದ್ದರಿಂದ ಅದಕ್ಕೆ 110. ಒಟ್ಟು 1,329. ಕೆಜಿಗೆ 29 ರೂಪಾಯಿ ಕೈಯಿಂದ ಹಾಕಿ ಮಾರುತ್ತಿದ್ದೆ! ಉಳಿದ ಮಜ್ಜಿಗೆಗೆ ಬೆಲೆ ಕಟ್ಟಿಲ್ಲ, ನಿಜ. ನನ್ನ ದುಡಿಮೆಗೂ ಕಟ್ಟಿಲ್ಲ. ದಾರಿಯಲ್ಲಿ ಒಡೆದ ಬಾಟಲಿಗಳನ್ನೂ ಹಿಡಿದಿಲ್ಲ.

ನಮ್ಮ ಅತ್ತೆ ಇದನ್ನು ಒಪ್ಪಲಿಲ್ಲ. "ಮನೆ ಹಾಲಿಗೆ ಎಂಥ ಲೆಕ್ಕವೇ? ಕೊಂಡು ತಂದಿದ್ದಾ?" ಎಂದರು. ನಾವೆಲ್ಲ ಎಡವುವುದು ಇಲ್ಲೇ. ಕೊಂಡು ತಂದದ್ದಲ್ಲ ಸರಿ, ಆದರೆ ಸಂಘಕ್ಕೆ ಹಾಕಿದ್ದರೆ ದುಡ್ಡು ಬರುತ್ತಿತ್ತು. ಪ್ರೋತ್ಸಾಹಧನ ಬರುತ್ತಿತ್ತು. ವರ್ಷದ ಕೊನೆಗೆ ಬೋನಸ್ ಕೊಡುವ ಸಂಘವಾದರೆ ಅದೂ ಸೇರುತ್ತಿತ್ತು. ಹಿಂಡಿ, ಬೂಸಾ ಬಿಟ್ಟಿ ಬರುವುದಿಲ್ಲ ಎಂದಮೇಲೆ ಹಾಲು ಹೇಗೆ ಬಿಟ್ಟಿಯಾಗುತ್ತದೆ? ಮನೆಯಲ್ಲಿ ಉಳಿಸಿಕೊಂಡ ಹಾಲನ್ನು ತುಪ್ಪದ ವ್ಯಾಪಾರಕ್ಕೆ ಸಂಘದ ದರದಲ್ಲೇ ಮಾರಿದ್ದೇವೆ ಎಂದು ಬರೆಯಬೇಕು. ನನ್ನ ಪ್ರಕಾರ ಲೆಕ್ಕದ ಮೊದಲ ಸಾಲು ಅದೇ.

ಇದಕ್ಕೆ ಆ್ಯಪ್ ಬೇಡ, ಲೆಕ್ಕಿಗರೂ ಬೇಡ. ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಐದು ಕಾಲಂ ಎಳೆಯಿರಿ: ತಾರೀಕು, ವಿವರ, ಬಂದದ್ದು, ಹೋದದ್ದು, ಬರಬೇಕಾದದ್ದು. ಸಾಲ ಹೇಳಿದವರ ಹೆಸರು ಕೊನೆಯ ಕಾಲಂನಲ್ಲಿ ಇರದಿದ್ದರೆ ಅವರೂ ಮರೆಯುತ್ತಾರೆ, ನಾವೂ ಮರೆಯುತ್ತೇವೆ. ಆನ್‌ಲೈನ್ ಅಂಗಡಿಗಳ ಮೂಲಕ ಮಾರುವವರು ಇನ್ನೊಂದು ಎಚ್ಚರ ವಹಿಸಬೇಕು. ಗಿರಾಕಿ ಕೊಟ್ಟ ಬೆಲೆ ಒಂದು, ಕಮಿಷನ್, ಸಾಗಣೆ ಮುರಿದುಕೊಂಡು ಕೆಲವು ದಿನ ಬಿಟ್ಟು ನಮ್ಮ ಖಾತೆಗೆ ಬೀಳುವುದು ಇನ್ನೊಂದು. ಎರಡನ್ನೂ ಬರೆಯಿರಿ. ವಾಪಸ್ ಬಂದ ಮಾಲನ್ನೂ ಬರೆಯಿರಿ. ಎಫ್‌ಎಸ್‌ಎಸ್‌ಎಐ ನೋಂದಣಿಗೆ ಕಟ್ಟಿದ ಹಣವೂ ಖರ್ಚೇ. ಬಟವಾಡೆ ದಿನ ಹೇಗೂ ಪಾಸ್ ಪುಸ್ತಕ ಹಿಡಿದು ಕೂರುತ್ತೇವಲ್ಲ, ಅವತ್ತೇ ಇದನ್ನೂ ಕೂಡಿಸಿ ಕಳೆದು ನೋಡಿ.

ಎರಡನೆಯದು, ಬೇರೆ ಬ್ಯಾಂಕ್ ಖಾತೆ. 2025ರ ಜುಲೈನಲ್ಲಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದದ್ದು ನೆನಪಿರಬೇಕು. ನಮ್ಮ ವ್ಯಾಪಾರ ಅಷ್ಟು ದೊಡ್ಡದಲ್ಲ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ಆದರೂ ಅದರಿಂದ ಕಲಿಯುವುದಿದೆ. ಹಾಲಿನ ಹಣ, ತಮ್ಮ ಕೊಟ್ಟ ಕೈಸಾಲ, ಚೀಟಿ ಎತ್ತಿದ್ದು, ತುಪ್ಪ ಮಾರಿದ್ದು ಎಲ್ಲ ಒಂದೇ ಖಾತೆಗೆ ಬಿದ್ದರೆ ಯಾವುದು ಯಾವುದೆಂದು ಬ್ಯಾಂಕ್ ಹೇಳುವುದಿಲ್ಲ, ನಾವೇ ಹೇಳಬೇಕು. ಬಿಡಿ ಹಾಲಿಗೆ ತೆರಿಗೆ ಇಲ್ಲ, ತುಪ್ಪಕ್ಕೆ ಇದೆ. 2025ರ ಸೆಪ್ಟೆಂಬರ್ 22ರಿಂದ ಅದು ಶೇ 12ರಿಂದ ಶೇ 5ಕ್ಕೆ ಇಳಿದಿದೆ. ತುಪ್ಪವನ್ನು ಹೊರರಾಜ್ಯಕ್ಕೆ ಕಳಿಸಿ ಮಾರುವುದಾದರೆ ವ್ಯಾಪಾರ ಚಿಕ್ಕದಿದ್ದರೂ ನೋಂದಣಿ ಬೇಕಾಗುತ್ತದೆ. ಹೈದರಾಬಾದಿನಿಂದ ಆರ್ಡರ್ ಬಂತೆಂದು ಹಿಗ್ಗುವ ಮೊದಲು ತಿಳಿದವರನ್ನು ಕೇಳಿ.

ಪುಸ್ತಕ ಇಟ್ಟ ಮೇಲೆ ನಾನು ಬೆಲೆಯನ್ನು 1,500ಕ್ಕೆ ಏರಿಸಿ, ಕೊರಿಯರ್ ಖರ್ಚು ಗಿರಾಕಿಗಳದೇ ಎಂದೆ. ಕೆಲವರು ಬಿಟ್ಟುಹೋದರು. ಉಳಿದವರಿಗೆ ಸಾಲುವಷ್ಟೇ ಕಾಯಿಸುತ್ತೇನೆ, ಮಿಕ್ಕ ಹಾಲು ಸಂಘಕ್ಕೆ ಹಾಕುತ್ತೇನೆ. ವ್ಯಾಪಾರ ಚಿಕ್ಕದಾಯಿತು, ಆದರೆ ಏನು ಉಳಿಯುತ್ತದೆಂದು ಈಗ ಗೊತ್ತು. ಅತ್ತೆಯೂ ಈಗ ಸಂಜೆ ಹೊತ್ತು, "ಇವತ್ತಿನ ಹಾಲು ಬರೆದೆಯೇನೇ?" ಎಂದು ಕೇಳುತ್ತಾರೆ.

ಒಕ್ಕೂಟದವರಲ್ಲಿ ಒಂದು ಮನವಿ. ಕೆಚ್ಚಲು ಬಾವು, ಕರು ಸಾಕಣೆ, ರಸಮೇವಿನ ಬಗ್ಗೆ ತರಬೇತಿ ಕೊಡುತ್ತೀರಿ, ಬಹಳ ಉಪಯೋಗವಾಗಿದೆ. ಮಹಿಳಾ ಸಂಘಗಳ ತರಬೇತಿಯಲ್ಲಿ ಅರ್ಧ ದಿನ ಈ ಲೆಕ್ಕವನ್ನೂ ಹೇಳಿಕೊಡಿ. ಈ ಪತ್ರಿಕೆಯಲ್ಲೇ ಒಂದು ಪುಟ ಮಾದರಿ ಕೋಷ್ಟಕ ಅಚ್ಚು ಹಾಕಿದರೆ ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುತ್ತೇವೆ. ಸಂಘದಲ್ಲಿ ಹತ್ತು ಪೈಸೆ ಬಿಡದೆ ಕೇಳುವ ನಾವು, ನಮ್ಮ ಮನೆಯ ಒಲೆಯ ಮುಂದೆಯೂ ಅದೇ ಪ್ರಶ್ನೆ ಕೇಳಿಕೊಳ್ಳೋಣ.