ನೆಗೆತಕ್ಕೆ ತಕ್ಕ ಅಳತೆಗೋಲು

ನಿಂತಲ್ಲಿಂದ ಮೇಲಕ್ಕೆ ನೆಗೆದ ಎತ್ತರದಿಂದ ಕಾಲಿನ ಶಕ್ತಿಯನ್ನು ಅಳೆಯುವ ಪರೀಕ್ಷೆಯನ್ನು ಅಮೆರಿಕದ ಡಡ್ಲಿ ಸಾರ್ಜೆಂಟ್ 1921ರಲ್ಲಿ ಪ್ರಕಟಿಸಿದರು. ಆಟಗಾರನಿಗೆ ಒಪ್ಪುವ ಈ ಕ್ರಮ ಬ್ಯಾಲೆ ನರ್ತಕಿಗೂ ಒಪ್ಪುವುದೇ ಎಂಬುದು ವಿಚಾರಾರ್ಹವಾದುದು.

ಆಟಗಾರನು ಸೊಂಟವನ್ನು ಬಾಗಿಸಿ, ತೋಳುಗಳನ್ನು ಬೀಸಿ ನೆಗೆಯುತ್ತಾನೆ. ಬ್ಯಾಲೆಯಲ್ಲಾದರೋ ಪಾದಗಳು ಹೊರಮುಖವಾಗಿರಬೇಕು, ಬೆನ್ನು ನೆಟ್ಟಗಿರಬೇಕು, ತೋಳುಗಳು ನಿಯತವಾದ ಭಂಗಿಯನ್ನು ಮೀರಬಾರದು. ಇಷ್ಟೆಲ್ಲ ನೆರವನ್ನು ತೊರೆದ ನೆಗೆತದ ಎತ್ತರ ಕಡಿಮೆಯಾಗುವುದು ಸಹಜವೇ. ಅದನ್ನು ಕಂಡು ಕಾಲೇ ದುರ್ಬಲವೆಂದು ತೀರ್ಮಾನಿಸುವುದು ಬಳ್ಳದಿಂದ ಬಟ್ಟೆಯನ್ನು ಅಳೆದಂತೆ.

ಹಾಗೆಂದು ಅಳತೆಯೇ ಬೇಡವೆನ್ನಲಾಗದು. ಗಾಳಿಯಲ್ಲಿದ್ದ ಕಾಲದಿಂದ ಎತ್ತರವನ್ನು ಗಣಿಸಬಹುದು. ಅರ್ಧ ಸೆಕೆಂಡಿಗೆ ಸುಮಾರು 31 ಸೆಂಟಿಮೀಟರು. ಒಂದೇ ಎತ್ತರಕ್ಕೆ ನೆಗೆದ ಇಬ್ಬರಲ್ಲಿ ತೂಕವುಳ್ಳವಳು ಹೆಚ್ಚು ಕೆಲಸ ಮಾಡಿರುತ್ತಾಳೆಂಬುದನ್ನೂ ಮರೆಯಬಾರದು. ಒಬ್ಬಳದೇ ಎರಡು ಬಗೆಯ ನೆಗೆತಗಳನ್ನು ಅಳೆಯುವುದು ಉಚಿತ. ಎರಡೂ ತಗ್ಗಿದ್ದರೆ ಕಾಲಿಗೆ ಬಲ ಬೇಕು. ನೃತ್ಯದ ನೆಗೆತವೊಂದೇ ತೀರ ತಗ್ಗಿದ್ದರೆ ಶಿಕ್ಷಣವನ್ನು ತಿದ್ದಬೇಕು. ಈ ವಿವೇಚನೆ ತಪ್ಪಿದರೆ ಬಲವುಳ್ಳವಳಿಗೇ ಮತ್ತಷ್ಟು ವ್ಯಾಯಾಮವನ್ನು ಹೇರಿ, ದಣಿದ ಕಾಲನ್ನು ನೋಯಿಸಿದಂತಾದೀತು.

ಅಳೆಯುವವರು ಮೊದಲು ವಿದ್ಯೆಯ ನಿಯಮವನ್ನು ಅರಿಯಲಿ. ಅಂಕಗಳನ್ನು ಅನಂತರ ಬರೆಯಲಿ.